ಜಲಪಾತಕ್ಕೆ ಹೊರಟಿದ್ದೀರಾ? ನಾಲ್ಕು ಮಾತು ಕೇಳಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತು ನಮ್ಮಲ್ಲಿ ಹಳೆಯದು. ವಾರವೆಲ್ಲ ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಂತವರಿಗೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಭಾನುವಾರ ಬಂದರೆ ಬೆಟ್ಟ, ಕಣಿವೆ, ಜಲಪಾತಗಳು ಕರೆಯುವುದು ಸಹಜ. ಆನೇಕಲ್ ಬಳಿಯ ಮುತ್ಯಾಲ ಮಡುವು, ಕನಕಪುರದಾಚೆಯ ಚುಂಚಿ ಜಲಪಾತ, ಸಂಗಮ, ಮೇಕೆದಾಟು, ತುಮಕೂರು ರಸ್ತೆಯ ಶಿವಗಂಗೆ ಇವೆಲ್ಲ ಒಂದೇ ದಿನದಲ್ಲಿ ಹೋಗಿಬರಬಹುದಾದ ತಾಣಗಳು. ಹೋಗಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಬೆಟ್ಟ ಹತ್ತುವುದು ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು. ಆದರೆ ಹೊರಡುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಹರಿಯುವ ನೀರೆಲ್ಲ ಶುದ್ಧವೇ?

ಹರಿಯುವ ನೀರಿಗೆ ದೋಷವಿಲ್ಲ ಎಂದು ಹಿರಿಯರು ಹೇಳುವುದುಂಟು. ಊರುಗಳು ಚಿಕ್ಕವಾಗಿದ್ದ ಕಾಲಕ್ಕೆ ಆ ಮಾತು ಸರಿಯಿದ್ದಿರಬಹುದು. ಈಗ ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸಿ. ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿ ನೀರು ಮತ್ತು ಪೀಣ್ಯ ಭಾಗದ ಕಾರ್ಖಾನೆಗಳ ತ್ಯಾಜ್ಯ ವೃಷಭಾವತಿಯನ್ನು ಸೇರುತ್ತವೆ. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ. ಚುಂಚಿಯಲ್ಲಿ ಧುಮುಕಿ, ಸಂಗಮದಲ್ಲಿ ಕಾವೇರಿಯೊಡನೆ ಕೂಡುವುದು ಅದೇ ಅರ್ಕಾವತಿ. ಅಲ್ಲಿ ಕಾಣುವ ಬಿಳಿಯ ನೊರೆಯೆಲ್ಲ ಜಲಪಾತದ ಸೊಬಗು ಎಂದು ತಿಳಿಯಬೇಡಿ. ಅದರಲ್ಲಿ ಸೋಪಿನ ಪುಡಿಯ ಪಾಲೂ ಇರಬಹುದು.

ಇಂಥ ನೀರು ಬಾಯಿಗೆ ಹೋದರೆ ವಾಂತಿಭೇದಿ, ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಎಂಬ ಕಾಮಾಲೆ ಬರಬಹುದು. ಈ ಕಾಮಾಲೆ ಕಾಣಿಸಿಕೊಳ್ಳಲು 2ರಿಂದ 7 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಪ್ರವಾಸವೇ ಮರೆತುಹೋಗಿರುತ್ತದೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಬೇರೆ ನೀರು ಕುಡಿಯಲೇಬೇಕಾದರೆ ಅದು ಕೊತಕೊತ ಕುದಿಯತೊಡಗಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ. ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಕಾರ್ಖಾನೆಯ ರಾಸಾಯನಿಕ ಹೋಗುವುದಿಲ್ಲ ಎಂಬುದು ನೆನಪಿರಲಿ.

ತೀರ್ಥ ಮತ್ತು ಮಾತ್ರೆ

ನಮ್ಮ ಬೆಟ್ಟಗಳಲ್ಲಿ ಪವಿತ್ರವೆನಿಸಿದ ಒರತೆಗಳಿಗೆ ಕೊರತೆಯಿಲ್ಲ. ಶಿವಗಂಗೆಯಲ್ಲಿ ಒಳಕಲ್ಲು ತೀರ್ಥವಿದೆ, ದೇವರಾಯನದುರ್ಗದ ಬಳಿ ನಾಮದ ಚಿಲುಮೆಯಿದೆ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್‌ತೀರ್ಥ ಎಂಬ ಬಿಸಿನೀರಿನ ಬುಗ್ಗೆಯಿದೆ. ಅದರ ಬೆಚ್ಚನೆಯ, ಗಂಧಕದ ವಾಸನೆಯ ನೀರಿನಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ ಜನರಲ್ಲಿದೆ.

ಇದರಲ್ಲಿ ಸತ್ಯವೆಷ್ಟು? ಬೆಚ್ಚನೆಯ ನೀರು ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ, ಕೀಲುನೋವಿಗೆ ಸ್ವಲ್ಪ ಹೊತ್ತು ಆರಾಮ ಕೊಡುತ್ತದೆ. ಗಂಧಕದ ಮುಲಾಮನ್ನು ಕಜ್ಜಿಗೆ ವೈದ್ಯರೂ ಕೊಡುತ್ತಾರೆ. ಆದರೆ ಮುಲಾಮಿನಲ್ಲಿ ಗಂಧಕದ ಪ್ರಮಾಣ ಗೊತ್ತಿರುತ್ತದೆ, ಅದನ್ನು ದಿನಗಟ್ಟಲೆ ಹಚ್ಚುತ್ತೇವೆ. ಒಂದು ಮುಳುಗಿನಿಂದ ಆ ಫಲ ನಿರೀಕ್ಷಿಸಲಾಗದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗಗಳನ್ನು ಯಾವ ನೀರೂ ಗುಣಪಡಿಸುವುದಿಲ್ಲ.

ನನ್ನಲ್ಲಿಗೆ ಬರುತ್ತಿದ್ದ ಕಾರ್ಮಿಕರೊಬ್ಬರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಟ್ಟವೊಂದರ ತೀರ್ಥದಲ್ಲಿ ಮಿಂದು ಬಂದವರು, ಇನ್ನು ಮಾತ್ರೆ ಬೇಡವೆಂದು ತಾವೇ ತೀರ್ಮಾನಿಸಿಬಿಟ್ಟರು. ಬೆಟ್ಟವನ್ನು ಹತ್ತಿದ್ದು ನಡುಮಧ್ಯಾಹ್ನ, ಬರಿಗಾಲಿನಲ್ಲಿ. ಕಾದ ಬಂಡೆಗೆ ಅಂಗಾಲು ಬೊಬ್ಬೆಯೆದ್ದರೂ ಅವರಿಗೆ ತಿಳಿಯಲಿಲ್ಲ, ಏಕೆಂದರೆ ಪಾದದ ನರಗಳು ಆಗಲೇ ಸ್ಪರ್ಶಜ್ಞಾನ ಕಳೆದುಕೊಂಡಿದ್ದವು. ಮೂರು ವಾರ ಕಳೆದು ಬಂದಾಗ ಹುಣ್ಣು ಕೊಳೆತಿತ್ತು. ಎರಡು ಬೆರಳು ತೆಗೆಯಬೇಕಾಯಿತು. “ನೋವೇ ಇರಲಿಲ್ಲವಲ್ಲ ಡಾಕ್ಟರೇ” ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನೋವಿಲ್ಲದಿದ್ದುದೇ ಅಪಾಯವಾಗಿತ್ತು. ನಂಬಿಕೆ ನಿಮ್ಮದು, ಅದಕ್ಕೆ ನನ್ನ ಆಕ್ಷೇಪವಿಲ್ಲ. ತೀರ್ಥ ತೆಗೆದುಕೊಳ್ಳಿ, ಮಾತ್ರೆಯನ್ನೂ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯವರು ಬಿಸಿಲಿನ ಬಂಡೆಯ ಮೇಲೆ ಬರಿಗಾಲಿನಲ್ಲಿ ನಡೆಯಬಾರದು. ಮನೆಗೆ ಬಂದೊಡನೆ ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಬೇಕು.

ನೀರಿಗಿಳಿಯುವ ಮುನ್ನ

ಮೇಕೆದಾಟುವಿನಲ್ಲಿ ಕಾವೇರಿ ಕಿರಿದಾದ ಕಲ್ಲುಕಣಿವೆಯಲ್ಲಿ ನುಗ್ಗುತ್ತದೆ. ನೀರು ಸಾವಿರಾರು ವರ್ಷ ಕೊರೆದ ಗುಂಡಿಗಳು ಬಂಡೆಗಳ ನಡುವೆ ಅಡಗಿವೆ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತವಿರುತ್ತದೆ. ಈಜು ಬಲ್ಲವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಪಾಚಿ ಕಟ್ಟಿದ ಬಂಡೆಯ ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ಮದ್ಯ ಸೇವಿಸಿದವರು ನೀರಿನ ಹತ್ತಿರ ಸುಳಿಯಲೇಬಾರದು. ಆಳ ತಿಳಿಯದ ಮಡುವಿಗೆ ತಲೆಕೆಳಗಾಗಿ ಧುಮುಕಿದರೆ ಕತ್ತಿನ ಮೂಳೆ ಮುರಿದು ಕೈಕಾಲು ಸ್ವಾಧೀನ ತಪ್ಪಬಹುದು. ಮೇಲ್ಭಾಗದಲ್ಲಿ ಮಳೆಯಾದರೆ, ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಥಟ್ಟನೆ ಏರುತ್ತದೆ. ನೀರು ಕೆಂಪಾಗಿ ಕಸಕಡ್ಡಿ ತೇಲಿಬಂದರೆ ತಕ್ಷಣ ದಡ ಸೇರಿ.

ಮುಳುಗಿದವರಿಗೆ ಪ್ರಥಮ ಚಿಕಿತ್ಸೆ

ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗೇ ಹೆಣಗುವವರಿಗೆ ಕೂಗಲು ಉಸಿರೆಲ್ಲಿ? ಒಬ್ಬರನ್ನು ಉಳಿಸಲು ಹೋಗಿ ಮೂವರು ಸತ್ತ ಸುದ್ದಿಯನ್ನು ಇದೇ ಪತ್ರಿಕೆಗಳಲ್ಲಿ ಓದುತ್ತೇವೆ. ನೀವು ಧುಮುಕಬೇಡಿ. ಸೀರೆ, ಪಂಚೆ, ಹಗ್ಗ, ಉದ್ದನೆಯ ಕೋಲು ಚಾಚಿ. ಖಾಲಿ ಕ್ಯಾನಿನ ಮುಚ್ಚಳ ಬಿಗಿದು ಎಸೆದರೂ ಅದನ್ನು ಹಿಡಿದು ತೇಲಬಹುದು.

ದಡಕ್ಕೆ ತಂದವರು ಉಸಿರಾಡದಿದ್ದರೆ ಹೀಗೆ ಮಾಡಿ:

1. ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಬೇಡ. ಅದರಿಂದ ಹೊಟ್ಟೆಯಲ್ಲಿರುವುದು ಶ್ವಾಸಕೋಶ ಸೇರುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ.

2. ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು 5 ಬಾರಿ ಉಸಿರು ಊದಿ. ಎದೆ ಮೇಲೇಳಬೇಕು.

3. ಚೇತರಿಕೆ ಕಾಣದಿದ್ದರೆ ಎದೆಯ ನಡುವೆ ಅಂಗೈಯಿಟ್ಟು 30 ಬಾರಿ ಜೋರಾಗಿ ಒತ್ತಿ, 2 ಬಾರಿ ಉಸಿರು ಕೊಡಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ನೆರವು ಬರುವವರೆಗೆ ನಿಲ್ಲಿಸಬೇಡಿ.

4. ಇನ್ನೊಬ್ಬರು 108ಕ್ಕೆ ಕರೆಮಾಡಲಿ. ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು.

ಮರಳಿದ ಮೇಲೆ

ಕಾಲಿನಲ್ಲಿ ಗಾಯವಿದ್ದು ನಿಂತ ನೀರಿನಲ್ಲಿ ಓಡಾಡಿದ್ದರೆ ಇಲಿಜ್ವರದ ಭಯವಿದೆ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಈ ರೋಗ ಹೆಚ್ಚಾಗಿ 5ರಿಂದ 14 ದಿನಗಳಲ್ಲಿ ಕಾಣಿಸುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಇದರ ಲಕ್ಷಣಗಳು. ಬೆಚ್ಚನೆಯ ನಿಂತ ನೀರು ಮೂಗಿಗೆ ಹೋಗದಂತೆಯೂ ನೋಡಿಕೊಳ್ಳಿ. 2024 ಮತ್ತು 2025ರಲ್ಲಿ ಕೇರಳದಲ್ಲಿ ಕಂಡುಬಂದ ಅಮೀಬಾ ಮಿದುಳುಜ್ವರ ಅಪರೂಪದ್ದಾದರೂ ಮಾರಕ. ಜ್ವರ ಬಂದು ವೈದ್ಯರ ಬಳಿ ಹೋದಾಗ, ಎಂದು, ಎಲ್ಲಿ ನೀರಿಗಿಳಿದಿದ್ದಿರಿ ಎಂಬುದನ್ನು ಮರೆಯದೆ ತಿಳಿಸಿ. ರೋಗವನ್ನು ಬೇಗ ಪತ್ತೆಹಚ್ಚಲು ಆ ಒಂದು ಮಾತು ನೆರವಾಗಬಹುದು.

ಮುಂದಿನ ಭಾನುವಾರ ಬುತ್ತಿ ಕಟ್ಟುವಾಗ ನೀರಿನ ಕ್ಯಾನು, ಒಂದು ಉದ್ದ ಹಗ್ಗ, ಮನೆಯವರ ಮಾತ್ರೆಗಳನ್ನೂ ಚೀಲಕ್ಕೆ ಹಾಕಿ. ಹೋದವರೆಲ್ಲ ಸಂಜೆಗೆ ಕ್ಷೇಮವಾಗಿ ಮನೆ ಸೇರಿದರೇ ಪ್ರವಾಸ ಸಾರ್ಥಕ.