ಪ್ರವಾಸ, ಪತ್ರ ಮತ್ತು ಲೇಖಕಿ: ರಮ್ಯಯುಗದ ಮೈಸೂರು ಸೀಮೆಯನ್ನು ಕುರಿತ ಒಂದು ಅಧ್ಯಯನ

ಹದಿನೆಂಟನೆಯ ಶತಮಾನದ ಕೊನೆಯ ಮತ್ತು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳನ್ನು ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲಿ ರಮ್ಯಯುಗ ಅಥವಾ ರೊಮ್ಯಾಂಟಿಕ್ ಯುಗವೆಂದು ಕರೆಯುವುದು ವಾಡಿಕೆ. ವರ್ಡ್ಸ್‌ವರ್ತ್, ಷೆಲ್ಲಿ, ಬೈರನ್ ಮೊದಲಾದ ಕವಿಗಳ ಪರಿಚಯವು ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಸಂಕಲನದ ಮೂಲಕ ಕನ್ನಡಿಗರಿಗೆ ಚೆನ್ನಾಗಿಯೇ ಆಗಿದೆ. ಆದರೆ ಆ ಯುಗವು ಕೇವಲ ಕವಿಪುಂಗವರ ಯುಗವಾಗಿರಲಿಲ್ಲ. ದೂರದೇಶಗಳಿಗೆ ಪ್ರಯಾಣ ಮಾಡಿ, ಕಂಡುದನ್ನು ಪತ್ರಗಳಲ್ಲಿಯೂ ದಿನಚರಿಗಳಲ್ಲಿಯೂ ಬರೆದಿಟ್ಟ ಸ್ತ್ರೀಯರ ಯುಗವೂ ಅದಾಗಿತ್ತು. ಅವರಲ್ಲಿ ಕೆಲವರ ದಾರಿ ಮೈಸೂರು ಸೀಮೆಯ ಮೇಲೆ ಹಾದುಹೋಯಿತೆಂಬುದು ಕನ್ನಡಿಗರಿಗೆ ವಿಶೇಷ ಕುತೂಹಲದ ಸಂಗತಿ.

ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಕವಿಗಳು 'ಲಿರಿಕಲ್ ಬ್ಯಾಲಡ್ಸ್' ಎಂಬ ಕೃತಿಯನ್ನು ಹೊರತಂದುದು 1798ರಲ್ಲಿ. ಅದರ ಮರುವರ್ಷ, 1799ರ ಮೇ 4ರಂದು, ಶ್ರೀರಂಗಪಟ್ಟಣವು ಪತನವಾಗಿ ಟಿಪ್ಪು ಸುಲ್ತಾನನು ಮಡಿದನು. ಒಂದು ಕಡೆ ಹೊಸ ಕಾವ್ಯ, ಇನ್ನೊಂದು ಕಡೆ ಹೊಸ ಆಳ್ವಿಕೆ. ಇವೆರಡೂ ಒಂದೇ ಕಾಲಘಟ್ಟಕ್ಕೆ ಸೇರಿದುವೆಂಬುದನ್ನು ವಿದ್ಯಾರ್ಥಿಗಳು ಮೊದಲು ನೆನಪಿನಲ್ಲಿಡಬೇಕು. ಇಂಗ್ಲಿಷ್ ಸ್ತ್ರೀಯರು ಈ ನಾಡಿನಲ್ಲಿ ನಿರ್ಭಯವಾಗಿ ಸಂಚರಿಸಲು ಅವಕಾಶವಾದುದು ಆ ಯುದ್ಧದ ಫಲವಾಗಿ.

ಒಂದೇ ವರ್ಷದ ಎರಡು ಪ್ರವಾಸಗಳು

1800ನೆಯ ಇಸವಿಯಲ್ಲಿ ಮದರಾಸಿನಿಂದ ಎರಡು ಪ್ರವಾಸಗಳು ಮೈಸೂರು ಸೀಮೆಯ ಕಡೆಗೆ ಹೊರಟವು. ಮೊದಲನೆಯದು ಹೆನ್ರಿಯೆಟ್ಟಾ ಕ್ಲೈವ್ ಎಂಬ ಮಹಿಳೆಯದು. ಈಕೆ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವನ ಪತ್ನಿ, ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಸೊಸೆ. ಪತಿಯು ರಾಜಕಾರ್ಯದ ನಿಮಿತ್ತ ಮದರಾಸಿನಲ್ಲಿಯೇ ಉಳಿದನು. ಈಕೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಅನ್ನಾ ಟೊನೆಲ್ಲಿ ಎಂಬ ಇಟಲಿಯ ಚಿತ್ರಕಾರ್ತಿಯನ್ನೂ ಕರೆದುಕೊಂಡು ಮಾರ್ಚಿ ತಿಂಗಳಲ್ಲಿ ಹೊರಟಳು. ಸುಮಾರು ಏಳು ತಿಂಗಳ ಈ ಪ್ರವಾಸದಲ್ಲಿ ಅವರು ಸಾವಿರ ಮೈಲಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿ, ವೆಲ್ಲೂರು, ಬೆಂಗಳೂರು, ಶ್ರೀರಂಗಪಟ್ಟಣ, ಕೊಯಮತ್ತೂರು, ತಂಜಾವೂರುಗಳನ್ನು ಕಂಡು ಮದರಾಸಿಗೆ ಹಿಂದಿರುಗಿದರು. ಹೆನ್ರಿಯೆಟ್ಟಾ ಪಾರಸಿ ಭಾಷೆಯನ್ನು ಅಭ್ಯಾಸ ಮಾಡಿದಳು. ಗಿಡಗಳನ್ನೂ ಕಲ್ಲುಗಳನ್ನೂ ಸಂಗ್ರಹಿಸಿದಳು. ಪತಿಗೂ ಇಂಗ್ಲೆಂಡಿನಲ್ಲಿದ್ದ ಸೋದರನಿಗೂ ಪತ್ರಗಳನ್ನು ಬರೆದಳು. ಕಿರಿಯ ಮಗಳಾದ ಷಾರ್ಲೆಟ್ ಆಗ ಹನ್ನೆರಡು ವರ್ಷದ ಬಾಲಿಕೆ. ಅವಳೂ ಒಂದು ದಿನಚರಿಯನ್ನು ಬರೆದಿಟ್ಟಳು.

ಎರಡನೆಯ ಪ್ರವಾಸವು ಡಾಕ್ಟರ್ ಫ್ರಾನ್ಸಿಸ್ ಬುಕಾನನನದು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು 1800ರ ಏಪ್ರಿಲ್ 23ರಂದು ಮದರಾಸನ್ನು ಬಿಟ್ಟು ಮೈಸೂರು, ಕನ್ನಡ ಮತ್ತು ಮಲೆಯಾಳ ಸೀಮೆಗಳನ್ನು ಸುತ್ತಿದನು. ಬೆಳೆ, ಮಣ್ಣು, ಮಗ್ಗ, ಕಬ್ಬಿಣದ ಕುಲುಮೆ, ಜಾತಿಪದ್ಧತಿ ಇವೆಲ್ಲವನ್ನೂ ವಿಚಾರಿಸಿ ಬರೆದನು. ಚನ್ನಪಟ್ಟಣದಲ್ಲಿ ವೀಣೆ ಮೊದಲಾದ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ ಗಾಜಿನ ಬಳೆಗಳನ್ನೂ ತಯಾರಿಸುತ್ತಿದ್ದ ಕ್ರಮವನ್ನೂ ಮಾಗಡಿಯ ಕಡೆಯ ಕಬ್ಬಿಣದ ಕೆಲಸವನ್ನೂ ಅವನ ಗ್ರಂಥದಿಂದ ಇಂದಿಗೂ ತಿಳಿಯಬಹುದು. ಅದೇ ವರ್ಷದ ಸುಮಾರಿಗೆ ದಿವಾನ್ ಪೂರ್ಣಯ್ಯನವರು ರಾಮಗಿರಿಯ ಬಳಿಯ ಊರನ್ನು ಬೆಳೆಯಿಸಿ, ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯೆಂದು ಕರೆದರು. ಇಂದಿನ ರಾಮನಗರವೇ ಆ ಊರು.

ಅಂದು ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಚನ್ನಪಟ್ಟಣದ ಮೇಲೆ ಹೋಗುವ ದಾರಿಯೊಂದು, ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಮೇಲೆ ಹೋಗುವ ದಾರಿ ಮತ್ತೊಂದು ಇದ್ದವು. ಸೈನ್ಯಗಳೂ ವರ್ತಕರೂ ಯಾತ್ರಿಕರೂ ಈ ದಾರಿಗಳಲ್ಲಿಯೇ ಸಾಗುತ್ತಿದ್ದರು. ವೃಷಭಾವತಿ ಹರಿಯುವ ಬೈರಮಂಗಲವು ಈ ಎರಡು ದಾರಿಗಳ ನಡುವಣ ನೆಲದಲ್ಲಿದೆ. ಆದುದರಿಂದ ಈ ಭಾಗದ ವಿದ್ಯಾರ್ಥಿಗಳಿಗೆ ಆ ಕಾಲದ ಪ್ರವಾಸ ಕಥನಗಳು ಪರದೇಶದ ಕಥೆಗಳಲ್ಲ. ಅವು ನೆರೆಹೊರೆಯ ಊರುಗಳ ಚರಿತ್ರೆಯೇ ಆಗಿವೆ.

ಈಗ ಈ ಎರಡು ಪ್ರವಾಸಗಳ ಬರವಣಿಗೆಗೆ ಒದಗಿದ ಗತಿಯನ್ನು ಹೋಲಿಸಿ ನೋಡಬೇಕು. ಬುಕಾನನನ ಗ್ರಂಥವು ಕಂಪನಿಯ ನಿರ್ದೇಶಕರ ಪ್ರೋತ್ಸಾಹದಿಂದ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮೈಸೂರಿನ ಚರಿತ್ರೆಯನ್ನು ಬರೆದವರೆಲ್ಲರೂ ಅದನ್ನು ಆಧಾರವಾಗಿಟ್ಟುಕೊಂಡರು. ಕ್ಲೈವ್ ಕುಟುಂಬದ ಸ್ತ್ರೀಯರ ಪತ್ರಗಳೂ ದಿನಚರಿಗಳೂ ಮನೆತನದ ಕಾಗದಪತ್ರಗಳ ನಡುವೆ ಉಳಿದವು. ನ್ಯಾನ್ಸಿ ಶೀಲ್ಡ್ಸ್ ಎಂಬ ಸಂಪಾದಕಿ ಅವನ್ನು ಒಂದುಗೂಡಿಸಿ 'ಬರ್ಡ್ಸ್ ಆಫ್ ಪ್ಯಾಸೇಜ್' ಎಂಬ ಗ್ರಂಥವಾಗಿ ಪ್ರಕಟಿಸಿದುದು 2009ರಲ್ಲಿ. ಒಂದೇ ವರ್ಷದಲ್ಲಿ ಒಂದೇ ಸೀಮೆಯನ್ನು ಕಂಡ ಇಬ್ಬರಲ್ಲಿ ಒಬ್ಬನ ಮಾತು ಏಳು ವರ್ಷಗಳಲ್ಲಿ ಲೋಕಕ್ಕೆ ಮುಟ್ಟಿತು. ಮತ್ತೊಬ್ಬಳ ಮಾತು ಮುಟ್ಟಲು ಇನ್ನೂರು ವರ್ಷಗಳೇ ಬೇಕಾದುವು. ಬಾಲಿಕೆ ಷಾರ್ಲೆಟ್ ಮುಂದೆ ನಾರ್ದಂಬರ್ಲೆಂಡಿನ ಡಚೆಸ್ ಆಗಿ, ರಾಜಕುಮಾರಿ ವಿಕ್ಟೋರಿಯಾಳ ಶಿಕ್ಷಣದ ಮೇಲ್ವಿಚಾರಕಿಯೂ ಆದಳು. 1828ರಲ್ಲಿ ಸಸ್ಯವಿಜ್ಞಾನಿ ಲಿಂಡ್ಲಿಯು ಆಫ್ರಿಕದ ಒಂದು ಹೂಗಿಡಕ್ಕೆ ಅವಳ ತವರಿನ ಹೆಸರಿನಿಂದ 'ಕ್ಲೈವಿಯಾ' ಎಂದು ಕರೆದನು. ಹೀಗೆ ಅವಳ ಹೆಸರು ಹೂವಿನ ಮೂಲಕ ಲೋಕಪ್ರಸಿದ್ಧವಾಯಿತು. ಅವಳು ಬರೆದುದು ಮಾತ್ರ ಮರೆಯಲ್ಲಿಯೇ ಉಳಿಯಿತು.

ಬರಹವನ್ನು ದಾಟಿಸುವ ಬಂಧುಬಳಗ

ಈ ವ್ಯತ್ಯಾಸಕ್ಕೆ ಕಾರಣವನ್ನು ಪ್ರತಿಭೆಯಲ್ಲಿ ಹುಡುಕಿದರೆ ಸಾಲದು. ಬರೆದುದು ಸಾಹಿತ್ಯವಾಗಿ ನಿಲ್ಲಬೇಕಾದರೆ ಅದನ್ನು ಓದುವವರು, ಮೆಚ್ಚುವವರು, ತಿದ್ದುವವರು, ಅಚ್ಚು ಹಾಕುವವರು ಬೇಕು. ಪುರುಷರಿಗೆ ಸರಕಾರ, ವಿದ್ವತ್ಸಭೆ, ವಿಶ್ವವಿದ್ಯಾನಿಲಯಗಳು ಈ ನೆರವನ್ನು ನೀಡಿದವು. ಸ್ತ್ರೀಯರಿಗೆ ಅವುಗಳ ಬಾಗಿಲು ಮುಚ್ಚಿತ್ತು. ತಂದೆ, ಸೋದರ, ಗೆಳತಿ, ಪ್ರಕಾಶಕ ಇವರೇ ಅವರ ಬಳಗ. ಅಂಚೆಯ ಪತ್ರವೇ ಆ ಬಳಗವನ್ನು ಕಟ್ಟಿದ ದಾರ.

ಇದಕ್ಕೆ ಮೇರಿ ವುಲ್‌ಸ್ಟನ್‌ಕ್ರಾಫ್ಟಳ ನಿದರ್ಶನವು ಸೊಗಸಾದುದು. 1795ರಲ್ಲಿ ಅವಳು ಉತ್ತರ ಯೂರೋಪಿನ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳಲ್ಲಿ ಸಂಚರಿಸಿ, ಮರುವರ್ಷ ಆ ಪ್ರವಾಸವನ್ನು ಪತ್ರಗಳ ರೂಪದಲ್ಲಿಯೇ ಪ್ರಕಟಿಸಿದಳು. ಅವಳ ಮಗಳಾದ ಮೇರಿ ಷೆಲ್ಲಿ ತಾಯಿಯನ್ನು ಕಂಡವಳಲ್ಲ. ಹೆತ್ತ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಿದ್ದಳು. ಆದರೂ ಮಗಳು ತಾಯಿಯ ಆ ಪುಸ್ತಕವನ್ನು ಓದಿ, ತಾನೂ 1817ರಲ್ಲಿ ಒಂದು ಪ್ರವಾಸ ಕಥನವನ್ನು ಹೊರತಂದಳು. ಮರುವರ್ಷ ಪ್ರಕಟವಾದ ಅವಳ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯು ಪ್ರವಾಸಿಯೊಬ್ಬನು ಮನೆಯಲ್ಲಿದ್ದ ಸೋದರಿಗೆ ಬರೆದ ಪತ್ರಗಳಿಂದಲೇ ಆರಂಭವಾಗುತ್ತದೆ. ಕಣ್ಣಿಂದ ಕಾಣದ ತಾಯಿಯೊಡನೆ ಮಗಳಿಗೆ ಸಂಬಂಧವನ್ನು ಕಲ್ಪಿಸಿಕೊಟ್ಟದ್ದು ಅಚ್ಚಾದ ಪ್ರವಾಸದ ಪುಟಗಳು.

ಭಾರತಕ್ಕೆ ಬಂದವರಲ್ಲಿ ಮರಾಯಾ ಗ್ರಹಾಂ ಪ್ರಸಿದ್ಧಳು. ಅವಳು 1809ರಿಂದ 1811ರವರೆಗೆ ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಸಂಚರಿಸಿ 1812ರಲ್ಲಿ ತನ್ನ ದಿನಚರಿಯನ್ನು ಅಚ್ಚು ಹಾಕಿಸಿದಳು. ಅಂತಃಪುರಗಳಿಗೆ ಪ್ರವೇಶ ದೊರೆತುದರಿಂದ, ಪುರುಷ ಪ್ರವಾಸಿಗಳಿಗೆ ಅಸಾಧ್ಯವಾದ ಲೋಕವೊಂದನ್ನು ಅವಳು ಬಣ್ಣಿಸಿದಳು. ಮುಂದೆ ಪ್ರಕಾಶಕ ಜಾನ್ ಮರ್ರೆಗೆ ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸವನ್ನೂ ಮಾಡಿದಳು. ಜೂಲಿಯಾ ಮೇಟ್ಲೆಂಡ್ ಎಂಬವಳು ಮದರಾಸಿನಿಂದ ಬರೆದ ಪತ್ರಗಳು 1843ರಲ್ಲಿ ಹೆಸರಿಲ್ಲದೆ, 'ಒಬ್ಬ ಮಹಿಳೆ' ಎಂಬ ಒಕ್ಕಣೆಯೊಡನೆ ಪ್ರಕಟವಾದುವು. ಅವಳು ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಬಂಧು. ಬರ್ನಿಯ ದಿನಚರಿಯನ್ನು ಸಂಪಾದಿಸಿದವಳು ಇವಳ ತಾಯಿ.

ಬಳಗವಿಲ್ಲದವರ ಪಾಡು ಬೇರೆ. ಎಲೈಜಾ ಫೇ ಎಂಬವಳು 1779ರಲ್ಲಿ ಕಲ್ಲೀಕೋಟೆಯಲ್ಲಿ ಹಡಗಿನಿಂದ ಇಳಿದಾಗ ಹೈದರಾಲಿಯ ಅಧಿಕಾರಿಗಳಿಗೆ ಸೆರೆಸಿಕ್ಕಿ, ಕೆಲವು ತಿಂಗಳು ಬಂಧನದಲ್ಲಿದ್ದಳು. ಆ ಕಷ್ಟವನ್ನು ಊರಿನ ತನ್ನವರಿಗೆ ಬರೆದ ಪತ್ರಗಳಲ್ಲಿ ವಿವರಿಸಿದ್ದಾಳೆ. ಆ ಪತ್ರಗಳು ಕಲ್ಕತ್ತೆಯಲ್ಲಿ ಅಚ್ಚಾದುದು 1817ರಲ್ಲಿ. ಅಷ್ಟರಲ್ಲಿ ಅವಳು ತೀರಿಕೊಂಡಿದ್ದಳು. 1925ರಲ್ಲಿ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ ಮತ್ತೆ ಪ್ರಕಟಿಸುವವರೆಗೆ ಆ ಪುಸ್ತಕವನ್ನು ಬಲ್ಲವರು ವಿರಳ. ಇತ್ತ ಭಾರತವನ್ನು ಕಾಣದೆಯೇ ಭಾರತವನ್ನು ಕುರಿತು ಬರೆದು ಹೆಸರಾದವರೂ ಉಂಟು. ಸಿಡ್ನಿ ಓವೆನ್‌ಸನ್ 1811ರಲ್ಲಿ 'ದಿ ಮಿಷನರಿ' ಎಂಬ ಕಾದಂಬರಿಯನ್ನು ಬರೆದಳು. ಕವಿ ಷೆಲ್ಲಿ ಅದನ್ನು ಬಹುವಾಗಿ ಮೆಚ್ಚಿದನು. ಸರ್ ವಾಲ್ಟರ್ ಸ್ಕಾಟ್ ಹೈದರ್ ಮತ್ತು ಟಿಪ್ಪುವಿನ ಮೈಸೂರನ್ನು 1827ರಲ್ಲಿ ತನ್ನ 'ದಿ ಸರ್ಜನ್ಸ್ ಡಾಟರ್' ಕಥೆಗೆ ರಂಗಭೂಮಿಯಾಗಿ ಮಾಡಿಕೊಂಡನು. ಕಣ್ಣಾರೆ ಕಂಡವರ ಪತ್ರಗಳು ಪೆಟ್ಟಿಗೆಯಲ್ಲಿದ್ದಾಗ, ಕಾಣದವರ ಕಲ್ಪನೆ ಮಾರುಕಟ್ಟೆಯಲ್ಲಿತ್ತು.

ಮೈಸೂರಿನ ಸ್ತ್ರೀಯರು

ಹಾಗಾದರೆ ಅದೇ ಕಾಲದಲ್ಲಿ ಕನ್ನಡ ನಾಡಿನ ಸ್ತ್ರೀಯರ ಸ್ಥಿತಿ ಏನಾಗಿತ್ತು? ಇಲ್ಲಿಯೂ ಬಳಗಗಳಿದ್ದುವು, ಪತ್ರಗಳಿದ್ದುವು; ಅವುಗಳ ರೂಪ ಬೇರೆ. ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿಯಾದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಹೈದರ್ ಮತ್ತು ಟಿಪ್ಪುವಿನ ಕಾವಲಿನಲ್ಲಿ ಶ್ರೀರಂಗಪಟ್ಟಣದಲ್ಲಿದ್ದರು. ಊರಿನ ಹೊರಗೆ ಕಾಲಿಡಲು ಅವಕಾಶವಿರಲಿಲ್ಲ. ಆದರೂ ಪ್ರಧಾನ ತಿರುಮಲರಾಯ ಮತ್ತು ನಾರಾಯಣರಾಯ ಎಂಬ ಸೋದರರ ಮೂಲಕ ಮದರಾಸಿನೊಡನೆ ರಹಸ್ಯವಾಗಿ ವ್ಯವಹಾರ ನಡೆಸಿದರು. ಅದರ ಫಲವಾಗಿ 1782ರ ಅಕ್ಟೋಬರ್ 28ರಂದು ಒಪ್ಪಂದವೂ ಆಯಿತು. ಕೊನೆಗೆ 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಬಾಲಕರಾಗಿ ಪಟ್ಟವೇರಿದರು. ದೇಹಕ್ಕೆ ದೊರೆಯದ ಪ್ರಯಾಣವನ್ನು ಮಹಾರಾಣಿಯವರ ಮಾತು ಮಾಡಿತು. ಇಂಗ್ಲಿಷ್ ಮಹಿಳೆಯರು ಆನೆ, ಪಲ್ಲಕ್ಕಿಗಳೊಡನೆ ಸಂಚರಿಸಿದ ಆ ಕಾಲದಲ್ಲಿ, ಪತ್ರದ ಶಕ್ತಿಯನ್ನು ಅವರೆಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಈ ಸೆರೆಯ ರಾಣಿಯವರೆಂದರೆ ಅತಿಶಯೋಕ್ತಿಯಾಗದು.

ಅರಮನೆಯ ಸ್ತ್ರೀಯರು ಸಾಹಿತ್ಯಕ್ಕೆ ಆಶ್ರಯವನ್ನೂ ಕೊಟ್ಟರು. ಮಲೆಯೂರಿನ ದೇವಚಂದ್ರನು ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹಕಾರ್ಯಕ್ಕೆ ನೆರವಾದ ಪಂಡಿತ. ಅವನ 'ರಾಜಾವಳಿ ಕಥೆ' 1838ರಲ್ಲಿ ಪೂರ್ಣಗೊಂಡುದು ಮೈಸೂರು ರಾಜಮನೆತನದ ದೇವಿರಮ್ಮಣ್ಣಿಯವರಿಗಾಗಿ. ಪರದೇಶದ ಸಂಶೋಧಕ, ಜೈನ ಪಂಡಿತ, ಅರಮನೆಯ ಮಹಿಳೆ ಈ ಮೂವರ ಸಂಬಂಧದಿಂದ ಆ ಗ್ರಂಥ ಕನ್ನಡಕ್ಕೆ ದೊರೆಯಿತು.

ಅರಮನೆಯ ಹೊರಗೆ, ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನವರು 'ಚಂದ್ರಹಾಸನ ಕಥೆ' ಮೊದಲಾದ ಕೃತಿಗಳನ್ನು ರಚಿಸಿದರು. ಅವಕ್ಕೆ ಅಚ್ಚಿನ ಮನೆ ಬೇಕಾಗಲಿಲ್ಲ. ಮನೆಮನೆಯ ಹೆಂಗಸರ ಕಂಠವೇ ಅವುಗಳ ಮುದ್ರಣಾಲಯ. ಅತ್ತೆಯಿಂದ ಸೊಸೆಗೆ, ತವರಿನಿಂದ ಗಂಡನ ಮನೆಗೆ ಹಾಡು ದಾಟಿತು. ಮದುವೆಯಾಗಿ ಬೇರೆ ಊರಿಗೆ ಹೋಗುವುದೇ ಅಂದಿನ ಹೆಣ್ಣಿನ ದೊಡ್ಡ ಪ್ರಯಾಣ. ಆ ಪ್ರಯಾಣವೇ ಹಾಡಿಗೆ ದಾರಿಯಾಯಿತು. ಆದರೆ ಈ ಬಗೆಯ ಬಳಗಕ್ಕೆ ಒಂದು ಅಪಾಯವುಂಟು. ಹಾಡುವ ಕಂಠ ನಿಂತರೆ ಹಾಡೂ ನಿಲ್ಲುತ್ತದೆ.

ಅಚ್ಚಿನ ಯುಗ ಮತ್ತು ಹೊಸ ದಾರಿ

ಬರೆಯುವ ಸ್ತ್ರೀಯು ತನ್ನ ಬಳಗವನ್ನು ತಾನೇ ಕಟ್ಟಿಕೊಂಡ ದಿನ ಕನ್ನಡದಲ್ಲಿ ಹೊಸ ಅಧ್ಯಾಯ ತೆರೆಯಿತು. ನಂಜನಗೂಡು ತಿರುಮಲಾಂಬಾ (1887–1982) ಅವರು ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿ, ಮನೆಯಲ್ಲಿಯೇ ವಿದ್ಯೆ ಕಲಿತು, 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿದರು. ಬರೆಯುವವರೂ ಅವರೇ, ಪ್ರಕಟಿಸುವವರೂ ಅವರೇ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿ ಅನೇಕ ಲೇಖಕಿಯರಿಗೆ ವೇದಿಕೆಯನ್ನು ಒದಗಿಸಿದರು. ಮನೆ ಬಿಟ್ಟು ಹೊರಡಲಾಗದ ಹೆಂಗಸಿನ ಮಾತು ಅಂಚೆಯ ಮೂಲಕ ಊರೂರು ಸುತ್ತಿತು. ಗವರ್ನರನ ಪತ್ನಿಗೆ ಒದಗದಿದ್ದ ಓದುಗರ ಬಳಗವು ನಂಜನಗೂಡಿನ ಒಬ್ಬ ವಿಧವೆಗೆ ತನ್ನ ಸ್ವಪ್ರಯತ್ನದಿಂದ ಒದಗಿತು.

ಈ ಚರಿತ್ರೆಯನ್ನು ಓದುವಾಗ ಒಂದು ಎಚ್ಚರವೂ ಅಗತ್ಯ. ಕ್ಲೈವ್ ಕುಟುಂಬದವರು ಗೆದ್ದವರ ಕಡೆಯ ಪ್ರವಾಸಿಗಳು. ಟಿಪ್ಪುವಿನ ಡೇರೆ ಮೊದಲಾದ ವಸ್ತುಗಳು ಇಂದಿಗೂ ವೇಲ್ಸಿನ ಪೋವಿಸ್ ಕೋಟೆಯಲ್ಲಿವೆ. ಅವರ ಪತ್ರಗಳಲ್ಲಿ ಕುತೂಹಲವಿದ್ದರೂ ಆ ಕಣ್ಣು ಅಧಿಕಾರದ ಎತ್ತರದಿಂದ ನೋಡುವ ಕಣ್ಣೆಂಬುದನ್ನು ಮರೆಯಲಾಗದು. ದಾರಿಯ ಬದಿಯಲ್ಲಿ ನಿಂತು ಅವರನ್ನು ನೋಡಿದ ಹಳ್ಳಿಯ ಹೆಣ್ಣುಮಕ್ಕಳು ಏನೆಂದುಕೊಂಡರೆಂಬುದನ್ನು ಬರೆದಿಟ್ಟವರಿಲ್ಲ. ಚರಿತ್ರೆಯಲ್ಲಿ ಆ ಪುಟ ಖಾಲಿಯಾಗಿಯೇ ಉಳಿದಿದೆ.

ಆ ಖಾಲಿ ಪುಟವೇ ಈ ಅಧ್ಯಯನದ ಪಾಠ. ಪ್ರತಿಭೆಯೂ ಅನುಭವವೂ ಇದ್ದರೂ, ಕಾಪಾಡುವವರಿಲ್ಲದಿದ್ದರೆ ಮಾತು ಅಳಿಯುತ್ತದೆ. ಕಾಪಾಡಿದರೆ ಇನ್ನೂರು ವರ್ಷಗಳ ಬಳಿಕವೂ ಅದು ಎದ್ದು ನುಡಿಯುತ್ತದೆ. ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ದಿನಚರಿಯು ಇಂದು ಚರಿತ್ರೆಗೆ ಆಕರವಾಗಿರುವಾಗ, ಶಾಲೆಯಲ್ಲಿ ಓದುವ ಹೆಣ್ಣುಮಕ್ಕಳು ತಮ್ಮ ಬರವಣಿಗೆಯನ್ನು ಅಲ್ಪವೆಂದು ಭಾವಿಸಬೇಕಾಗಿಲ್ಲ. ಅಜ್ಜಿಯ ಹಾಡಿನ ಪುಸ್ತಕ, ತಾಯಿಯ ಹಳೆಯ ಪತ್ರ, ತೀರ್ಥಯಾತ್ರೆಯ ಖರ್ಚಿನ ಲೆಕ್ಕ ಇವುಗಳನ್ನು ಜೋಪಾನ ಮಾಡಿ, ಬರೆದವರ ಹೆಸರನ್ನೂ ಊರನ್ನೂ ಇಸವಿಯನ್ನೂ ಅವುಗಳ ಮೇಲೆ ಗುರುತಿಸಿಡುವುದು ವಿದ್ಯಾರ್ಥಿಗಳಿಂದ ಸಾಧ್ಯವಾಗುವ ಕಾರ್ಯ. ಚರಿತ್ರೆಯು ಮುಂದಿನ ಪೀಳಿಗೆಗೆ ದಾಟುವುದು ಇಂತಹ ಚಿಕ್ಕ ಶ್ರದ್ಧೆಯಿಂದಲೇ.