ಸಾಲ ತೀರಿತು, ಅಂಕ ಇಳಿಯಿತು: ಇದು ಯಾರ ತೀರ್ಪು?



ತಪಸ್ಸುಕಾಲದ ಒಂದು ಭಾನುವಾರ. ಬಲಿಪೂಜೆ ಮುಗಿದು ಜನರೆಲ್ಲ ಮನೆಗೆ ತೆರಳಿದ ಮೇಲೆ ನಮ್ಮ ಧರ್ಮಕೇಂದ್ರದವರೊಬ್ಬರು ದೇವಾಲಯದ ಪಕ್ಕದ ಬಾಗಿಲಲ್ಲಿ ನನಗಾಗಿ ಕಾದಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡುವವರು, ಸಾಲವೆಂದರೆ ಅಂಜುವ ಮನುಷ್ಯ. ಚೀಟಿ ಎತ್ತಿದ ಹಣದಿಂದ ಬೈಕಿನ ಸಾಲವನ್ನು ಅವಧಿಗೆ ಮೊದಲೇ ಕಟ್ಟಿ ಮುಗಿಸಿದ್ದರು. ಎರಡು ಕ್ರೆಡಿಟ್ ಕಾರ್ಡುಗಳಲ್ಲಿ ಹಳೆಯದರ ಬಾಕಿಯನ್ನೂ ತೀರಿಸಿ, ಅದನ್ನು ರದ್ದು ಮಾಡಿಸಿದ್ದರು. ಎರಡು ತಿಂಗಳ ನಂತರ ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ತಿಳಿದದ್ದು: ಅವರ ಸಿಬಿಲ್ ಅಂಕ 780ರಿಂದ 742ಕ್ಕೆ ಇಳಿದಿದೆ. ಅರ್ಜಿಯನ್ನೂ ತುಂಬದೆ ನಾಚಿಕೊಂಡು ಹಿಂತಿರುಗಿಬಿಟ್ಟಿದ್ದರು.

"ಫಾದರ್, ಸಾಲ ಇದ್ದಾಗ ನಾನು ಒಳ್ಳೆಯವನು, ತೀರಿಸಿದ ಮೇಲೆ ಕೆಟ್ಟವನಾ? ಇನ್ನು ಬಡ್ಡಿಯವರ ಹತ್ತಿರ ಹೋಗುವುದೊಂದೇ ದಾರಿ" ಎಂದರು.

ಆ ಮಾತು ನನ್ನನ್ನು ಚುಚ್ಚಿತು. ಮರುದಿನ ನಮ್ಮ ಧರ್ಮಕೇಂದ್ರದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರನ್ನು ಕರೆಸಿ, ಮೂವರೂ ಕುಳಿತು ಆ ವರದಿಯನ್ನು ಸಾಲುಸಾಲಾಗಿ ಓದಿದೆವು. ಅಂದು ನಾನು ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಈ ಅಂಕ ಏನನ್ನು ಅಳೆಯುತ್ತದೆ?

ನಮ್ಮ ದೇಶದಲ್ಲಿ ಸಿಬಿಲ್ ಸಂಸ್ಥೆ ಆರಂಭವಾದದ್ದು 2000ದಲ್ಲಿ. ಇಂತಹ ಸಂಸ್ಥೆಗಳಿಗಾಗಿ 2005ರಲ್ಲಿ ಪ್ರತ್ಯೇಕ ಕಾನೂನು ಬಂತು. ಇಂದು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಅನುಮತಿಯಿಂದ ಕೆಲಸ ಮಾಡುತ್ತಿವೆ. ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಕಿರುಸಾಲ ಸಂಸ್ಥೆಗಳೂ ನಮ್ಮ ಸಾಲದ ವಿವರಗಳನ್ನು ಇವುಗಳಿಗೆ ಕಳುಹಿಸುತ್ತವೆ. ಅವುಗಳ ಆಧಾರದ ಮೇಲೆ 300ರಿಂದ 900ರವರೆಗಿನ ಒಂದು ಅಂಕ ಸಿದ್ಧವಾಗುತ್ತದೆ.

ನಮ್ಮ ಸಂಬಳ ಎಷ್ಟು, ಬ್ಯಾಂಕಿನಲ್ಲಿ ಉಳಿತಾಯ ಎಷ್ಟು, ನಾವು ಸತ್ಯವಂತರೇ ಅಲ್ಲವೇ ಎಂಬುದು ಆ ಅಂಕದಲ್ಲಿ ಇಲ್ಲವೇ ಇಲ್ಲ. "ಈ ವ್ಯಕ್ತಿಗೆ ಸಾಲ ಕೊಟ್ಟರೆ ಮುಂದೆ ಕಂತು ತಪ್ಪುವ ಸಂಭವ ಎಷ್ಟು?" ಎಂಬ ಒಂದೇ ಪ್ರಶ್ನೆಗೆ ಅದು ಉತ್ತರ ಹುಡುಕುತ್ತದೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುವಾಗ ನಮ್ಮ ಗುರುಗಳು ಒಂದು ಭೇದವನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ತೀರ್ಪು ಬೇರೆ, ಅಂದಾಜು ಬೇರೆ. ತೀರ್ಪು ಆಗಿಹೋದ ಕೃತ್ಯವನ್ನು ನೋಡಿ ಸರಿ-ತಪ್ಪು ಹೇಳುತ್ತದೆ. ಅಂದಾಜು ಮುಂದಾಗಬಹುದಾದುದನ್ನು ಊಹಿಸುತ್ತದೆ. ಸಾಲ ತೀರಿಸಿದ್ದು ಧರ್ಮಕಾರ್ಯವೇ ಸರಿ. ಆದರೆ ಅಂದಾಜು ಮಾಡುವ ಯಂತ್ರಕ್ಕೆ ಧರ್ಮದ ಪರಿಚಯವಿಲ್ಲ.

ಹಾಗಾದರೆ ಇಳಿಯುವುದೇಕೆ?

ಮೊದಲನೆಯದಾಗಿ, ನಡೆಯುತ್ತಿರುವ ಸಾಲಕ್ಕೆ ತಿಂಗಳು ತಿಂಗಳು ಸರಿಯಾಗಿ ಕಟ್ಟಿದ ಕಂತು ಒಂದು ಹೊಸ ಸಾಕ್ಷಿ. ಸಾಲ ಮುಗಿದಾಗ ಹಳೆಯ ಸಾಕ್ಷಿ ವರದಿಯಲ್ಲಿ ಉಳಿಯುತ್ತದೆ, ಹೊಸದು ಬರುವುದು ನಿಲ್ಲುತ್ತದೆ. ಅದು ನಮ್ಮ ಏಕೈಕ ಕಂತಿನ ಸಾಲವಾಗಿದ್ದರೆ, ಬೇರೆ ಬೇರೆ ಬಗೆಯ ಸಾಲಗಳನ್ನು ನಿಭಾಯಿಸುವ ಶಕ್ತಿಗೆ ಸಿಗುತ್ತಿದ್ದ ಅಲ್ಪ ಮನ್ನಣೆಯೂ ತಗ್ಗುತ್ತದೆ. ಈ ಇಳಿಕೆ ಸಾಮಾನ್ಯವಾಗಿ ಚಿಕ್ಕದು. ಉಳಿದ ಬಾಕಿಗಳನ್ನು ಸಕಾಲಕ್ಕೆ ಕಟ್ಟುತ್ತಿದ್ದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ.

ಎರಡನೆಯದು ಕಾರ್ಡಿನ ಲೆಕ್ಕ. ನಮ್ಮ ಫಿಟ್ಟರ್ ಸಹೋದರರ ಹಳೆಯ ಕಾರ್ಡಿನ ಮಿತಿ 1,50,000 ರೂಪಾಯಿ, ಹೊಸದರ ಮಿತಿ 50,000. ಮನೆ ಖರ್ಚಿಗೆ ಹೊಸ ಕಾರ್ಡಿನಲ್ಲಿ ಬಳಸಿದ್ದು 40,000. ಎರಡೂ ಕಾರ್ಡುಗಳಿದ್ದಾಗ ಅವರು ಬಳಸಿದ್ದು ಒಟ್ಟು ಮಿತಿಯ ಶೇ. 20 ಮಾತ್ರ. ಹಳೆಯದನ್ನು ರದ್ದು ಮಾಡಿದ ದಿನವೇ ಅದು ಶೇ. 80 ಆಯಿತು. ಒಂದು ರೂಪಾಯಿ ಹೆಚ್ಚು ಸಾಲ ಮಾಡದಿದ್ದರೂ, ಕೈ ಬಿಗಿಯಾಗಿರುವ ಮನುಷ್ಯನಂತೆ ಅವರು ಕಂಡರು. ಜೊತೆಗೆ, ಅವರ ಅತಿ ಹಳೆಯ ಖಾತೆಯೇ ಮುಚ್ಚಿತ್ತು. ಅವರ ಅಂಕ ಇಳಿಯಲು ಮುಖ್ಯ ಕಾರಣ ಬೈಕಿನ ಸಾಲವಲ್ಲ, ಈ ಕಾರ್ಡು.

ಮೂರನೆಯದಾಗಿ, ಕೆಲವರು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತಾರೆ. ಆಗ ಹೊಸ ವಿಚಾರಣೆ, ಹೊಸ ಖಾತೆ ಎರಡೂ ದಾಖಲಾಗುತ್ತವೆ. ನಾಲ್ಕಾರು ಕಡೆ ಅರ್ಜಿ ಹಾಕಿದರಂತೂ ಹಣಕ್ಕಾಗಿ ಅಲೆದಾಡುತ್ತಿರುವವನೆಂಬ ಭಾವನೆ ಮೂಡುತ್ತದೆ.

ನಾಲ್ಕನೆಯದು, ಕಾರ್ಡು ರದ್ದಾಯಿತೆಂದು ನಾವು ನಂಬಿದ್ದರೂ ವಾರ್ಷಿಕ ಶುಲ್ಕವೋ ಚಿಲ್ಲರೆ ಬಡ್ಡಿಯೋ ಉಳಿದು, ಅದು ಬಾಕಿಯೆಂದು ದಾಖಲಾಗುವುದುಂಟು. ನಾವು ಕಟ್ಟಿದ್ದನ್ನು ಸಾಲ ಕೊಟ್ಟವರು ತಿಳಿಸದೇ ಇರುವುದೂ ಉಂಟು.

"ಸೆಟಲ್‌ಮೆಂಟ್" ಎಂಬ ಬಲೆ

ಐದನೆಯ ಕಾರಣವನ್ನು ಬೇರೆಯಾಗಿಯೇ ಹೇಳಬೇಕು. ಏಕೆಂದರೆ ಇದರಲ್ಲಿ ನಮ್ಮ ಬಡ ಕುಟುಂಬಗಳು ಹೆಚ್ಚು ಸಿಕ್ಕಿಬೀಳುತ್ತವೆ. ಒಂದು ಲಕ್ಷ ಬಾಕಿ ಇರುವಾಗ, "ಅರವತ್ತು ಸಾವಿರ ಕೊಡಿ, ಮುಗಿಸಿಬಿಡೋಣ" ಎಂದು ವಸೂಲಿಯವರು ಹೇಳುತ್ತಾರೆ. ಕೊಟ್ಟವರು ಸಾಲ ತೀರಿತೆಂದು ದೇವರಿಗೆ ಮೇಣದಬತ್ತಿ ಹಚ್ಚುತ್ತಾರೆ. ಆದರೆ ವರದಿಯಲ್ಲಿ "ಕ್ಲೋಸ್ಡ್" ಎಂದಿರುವುದಿಲ್ಲ, "ಸೆಟಲ್ಡ್" ಎಂದಿರುತ್ತದೆ. ಅಂದರೆ ಪೂರ್ತಿ ಕಟ್ಟಲಿಲ್ಲ, ಸಾಲ ಕೊಟ್ಟವರು ನಷ್ಟ ಹೊತ್ತರು ಎಂದರ್ಥ. ಆ ಗುರುತು ವರ್ಷಗಟ್ಟಲೆ ಉಳಿದು ಅಂಕವನ್ನು ಬಲವಾಗಿ ಕುಗ್ಗಿಸುತ್ತದೆ. ಕಾಯಿಲೆಯಿಂದಲೋ ಕೆಲಸ ಹೋದುದರಿಂದಲೋ ಬೇರೆ ದಾರಿಯಿಲ್ಲದೆ ಒಪ್ಪಿಕೊಂಡವರನ್ನು ನಾನು ದೂಷಿಸುವುದಿಲ್ಲ. ಆದರೆ ಶಕ್ತಿಯಿದ್ದವರು ಕಂತಿನ ಅವಧಿಯನ್ನು ಹೆಚ್ಚಿಸಿಕೊಂಡಾದರೂ ಪೂರ್ತಿ ಕಟ್ಟುವುದು ಲೇಸು. ಅದು ನ್ಯಾಯವೂ ಹೌದು, ಜಾಣತನವೂ ಹೌದು.

ನಾವು ಮಾಡಬೇಕಾದುದು

ಸಾಲ ಮುಗಿದ ದಿನವೇ "ಯಾವ ಬಾಕಿಯೂ ಇಲ್ಲ" ಎಂಬ ಪತ್ರವನ್ನು ಕೇಳಿ ಪಡೆಯಿರಿ. ಅದನ್ನು ಜ್ಞಾನಸ್ನಾನದ ಸರ್ಟಿಫಿಕೇಟಿನಷ್ಟೇ ಜೋಪಾನವಾಗಿಡಿ. ಮನೆ, ಜಮೀನಿನ ಪತ್ರ ಅಡವಿಟ್ಟಿದ್ದರೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಅವನ್ನು ಹಿಂತಿರುಗಿಸಬೇಕು. ತಮ್ಮ ತಪ್ಪಿನಿಂದ ತಡವಾದರೆ ಸಾಲ ಕೊಟ್ಟವರು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ.

ಪ್ರತಿಯೊಂದು ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಮಗಿದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಗಳಿಗೊಮ್ಮೆ ವಿವರಗಳನ್ನು ನವೀಕರಿಸಬೇಕೆಂಬ ನಿಯಮ ಜಾರಿಗೆ ಬಂತು. ಆದ್ದರಿಂದ ಸಾಲ ತೀರಿಸಿ ಒಂದೆರಡು ತಿಂಗಳಾದ ಮೇಲೆ ನೋಡಿ. ತಪ್ಪಿದ್ದರೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಆನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವುಂಟು. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಹಣ ಪಡೆದು ಅಂಕ ಏರಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ಮಾತ್ರ ನಂಬಬೇಡಿ. ಬಂಧುವಿನ ಸಾಲಕ್ಕೆ ಜಾಮೀನು ಹಾಕಿದ್ದರೆ ಆ ಸಾಲವೂ ನಿಮ್ಮ ವರದಿಯಲ್ಲಿ ಸೇರಬಹುದು ಎಂಬುದನ್ನೂ ಮರೆಯಬೇಡಿ.

"ಹಾಗಾದರೆ ಅಂಕಕ್ಕಾಗಿ ಸಾಲವನ್ನು ಉಳಿಸಿಕೊಳ್ಳಬೇಕೇ?" ಎಂದು ನೀವು ಕೇಳಬಹುದು. ಖಂಡಿತ ಬೇಡ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ತೆತ್ತು ಕೆಲವು ಅಂಕಗಳನ್ನು ಕಾಪಾಡುವುದು, ಚಪ್ಪಲಿ ಉಳಿಸಲು ಕಾಲು ಕಡಿದುಕೊಂಡಂತೆ. ಸಾಲ ತೀರಿಸಿ, ಶುಲ್ಕವಿಲ್ಲದ ಹಳೆಯ ಕಾರ್ಡಿದ್ದು, ನಿಮಗೆ ಸಂಯಮವಿದ್ದರೆ, ಅದನ್ನು ಮುಚ್ಚಲು ಆತುರಪಡಬೇಡಿ. ಕಾರ್ಡು ಕಂಡೊಡನೆ ಕೈ ತಡೆಯದವರು ಮುಚ್ಚುವುದೇ ಮೇಲು. ಆತ್ಮದ ಶಾಂತಿಗಾಗಿ ಮೂವತ್ತು ಅಂಕ ಹೋದರೆ ಹೋಗಲಿ.

ಇನ್ನೊಂದು ಲೆಕ್ಕಪುಸ್ತಕ

ಯೇಸುಸ್ವಾಮಿಗೆ ಸಾಲಗಾರರ ಸಂಕಟ ಚೆನ್ನಾಗಿ ಗೊತ್ತಿತ್ತು. ಐನೂರು ನಾಣ್ಯದ ಸಾಲಗಾರ ಮತ್ತು ಐವತ್ತು ನಾಣ್ಯದ ಸಾಲಗಾರರ ಕಥೆಯನ್ನು ಅವರು ಹೇಳಿದ್ದು ಲೂಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ. ಸಂತ ಮತ್ತಾಯರ ಗ್ರೀಕ್ ಮೂಲದಲ್ಲಿ, ಪರಲೋಕ ಮಂತ್ರದಲ್ಲಿ ಕ್ಷಮೆ ಬೇಡುವ ಕಡೆ ಬಳಸಿರುವುದು "ಸಾಲ" ಎಂಬ ಅರ್ಥದ ಪದವೇ. ನಮ್ಮ ಪಾಪವನ್ನು ಸಾಲವೆಂದೂ ದೇವರನ್ನು ಸಾಲ ಮನ್ನಾ ಮಾಡುವ ತಂದೆಯೆಂದೂ ಪ್ರಭುವೇ ಕಲಿಸಿದರು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಲೋಕದ ವರದಿಯಲ್ಲಿ ಮನ್ನಾ ಆದ ಸಾಲವು ಕಲೆಯಾಗಿ ಉಳಿಯುತ್ತದೆ. ಪಾಪನಿವೇದನೆ ಸಂಸ್ಕಾರದಲ್ಲಿ ಕ್ಷಮಿಸಲ್ಪಟ್ಟ ಪಾಪವನ್ನು ದೇವರು ನಮ್ಮ ವಿರುದ್ಧ ಎತ್ತಿ ಹಿಡಿಯುವುದಿಲ್ಲ. ಹಾಗೆಂದು ನಮ್ಮ ಹೊಣೆ ತೀರಲಿಲ್ಲ, ಕದ್ದವನು ಹಿಂತಿರುಗಿಸಬೇಕು. ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಡಲು ಮುಂದಾದದ್ದು ಪ್ರಭು ಅವನ ಮನೆಗೆ ಬಂದ ಮೇಲೆ. ಮೊದಲು ಪ್ರೀತಿ ಬಂತು, ಆಮೇಲೆ ಲೆಕ್ಕ ಚುಕ್ತಾ ಆಯಿತು. ಬ್ಯಾಂಕಿನಲ್ಲಿ ಮೊದಲು ಲೆಕ್ಕ, ಆಮೇಲೆ ನಂಬಿಕೆ. ಎರಡನ್ನೂ ಅವುಗಳ ಸ್ಥಳದಲ್ಲಿಟ್ಟು ನೋಡುವುದೇ ವಿವೇಕ.

ಆ ಸಹೋದರರ ತಪ್ಪು ಕಾರ್ಡು ಮುಚ್ಚಿದ್ದಲ್ಲ. ಒಂದು ಅಂದಾಜನ್ನು ತಮ್ಮ ಬಾಳಿನ ಮೇಲಿನ ತೀರ್ಪೆಂದು ಭಾವಿಸಿ ತಲೆತಗ್ಗಿಸಿದ್ದು. ವರದಿಯನ್ನು ಕೈಯಲ್ಲಿ ಹಿಡಿದು ಅವರು ಮತ್ತೆ ಬ್ಯಾಂಕಿಗೆ ಹೋದರು. ಮ್ಯಾನೇಜರು ನೋಡಿ, "ಒಂದು ಕಂತೂ ತಪ್ಪಿಲ್ಲವಲ್ಲ! ಅಂದೇ ಯಾಕೆ ಅರ್ಜಿ ಕೊಡಲಿಲ್ಲ?" ಎಂದರಂತೆ. ಮಗಳು ಈಗ ಮೊದಲ ವರ್ಷದ ನರ್ಸಿಂಗ್ ಓದುತ್ತಿದ್ದಾಳೆ. ಬಡ್ಡಿಯವರ ಮನೆಯ ದಾರಿಯನ್ನು ಅವರು ತುಳಿಯಲಿಲ್ಲ.

ಈ ವಾರ ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಸಾಲವಿದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿದೆಯೇ?

2. ತೀರಿದ ಸಾಲಗಳ ಪತ್ರಗಳು ಎಲ್ಲಿವೆ?

3. ನಮಗೆ ಸಾಲ ಕೊಡಬೇಕಾದ ಬಡವರು ಯಾರಾದರೂ ಇದ್ದಾರೆಯೇ? ಅವರನ್ನು ನಾವು ಯಾವ ಅಂಕದಿಂದ ಅಳೆಯುತ್ತಿದ್ದೇವೆ?

ಇಂದು ರಾತ್ರಿ ಜಪಮಾಲೆಯ ನಂತರ ಈ ಮೂರು ಪ್ರಶ್ನೆಗಳಿಗಾಗಿ ಹತ್ತು ನಿಮಿಷ ಮೀಸಲಿಡಿ. ಸಾಲದ ಹೊರೆಯಿಂದ ನಿದ್ದೆಗೆಟ್ಟ ಎಲ್ಲ ಕುಟುಂಬಗಳನ್ನೂ ನಿಮ್ಮ ಪ್ರಾರ್ಥನೆಯಲ್ಲಿ ನೆನೆಯಿರಿ.