ಬೆಳ್ಳಗಾದಳೆಂದು ಖುಷಿಪಡುವ ಮುನ್ನ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 16 ವರ್ಷ, ಎಣ್ಣೆಗಪ್ಪು ಬಣ್ಣ. ರೀಲ್ಸ್ ನೋಡಿ ಮೆಡಿಕಲ್ ಸ್ಟೋರಿನಿಂದ ಟ್ಯೂಬು ತಂದು ಮುಖಕ್ಕೆ ಹಚ್ಚತೊಡಗಿದಳು. ಮೊದಮೊದಲು ಮುಖ ತಿಳಿಯಾಯಿತು, ಮದುವೆ ಮನೆಯಲ್ಲಿ ನೆಂಟರೆಲ್ಲ ಹೊಗಳಿದರು. ಈಗ ಬಿಸಿಲಿಗೆ ಹೋದರೆ ಉರಿ. ಕೆನ್ನೆ ಕೆಂಪಗಾಗಿ ಮೊಡವೆ ಎದ್ದಿದೆ, ಸಣ್ಣ ಕೂದಲೂ ಬಂದಿದೆ. ಒಂದು ದಿನ ಬಿಟ್ಟರೆ ಇನ್ನೂ ಕೆರಳುತ್ತದೆಂದು ಹಚ್ಚುತ್ತಲೇ ಇದ್ದಾಳೆ.
– ಒಬ್ಬ ತಾಯಿ, ಕೊಳ್ಳೇಗಾಲ

ಉತ್ತರ: ತಾಯಿ, ಆ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ – ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ನೀವು ಬರೆದ ಲಕ್ಷಣಗಳೆಲ್ಲ ಅದನ್ನೇ ಹೇಳುತ್ತಿವೆ. ಇಸುಬು, ಸೋರಿಯಾಸಿಸ್‌ಗೆ ಕೆಲವು ದಿನ ಮಾತ್ರ ಕೊಡುವ ಔಷಧವದು. ರಕ್ತನಾಳಗಳನ್ನು ಕುಗ್ಗಿಸಿ, ಬಣ್ಣದ ಕಣಗಳ ಕೆಲಸವನ್ನು ತಗ್ಗಿಸುವುದರಿಂದ ಮೊದಲು ಮುಖ ತಿಳಿಯಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಒಳಗಿನ ರಕ್ತನಾಳಗಳೇ ಕೆಂಪಗೆ ಕಾಣಿಸತೊಡಗುತ್ತವೆ. ಚರ್ಮ ಅದಕ್ಕೆ ಒಗ್ಗಿಹೋಗಿರುವುದರಿಂದ ನಿಲ್ಲಿಸಿದಾಗ ಕೆರಳುವುದು ನಿಜ. ಹಾಗೆಂದು ಮುಂದುವರಿಸುವುದು ಪರಿಹಾರವಲ್ಲ. ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞರನ್ನು ಕಾಣಿ, ಟ್ಯೂಬನ್ನೂ ಒಯ್ಯಿರಿ. ಹೇಗೆ ಬಿಡಿಸಬೇಕೆಂದು ಅವರು ಹೇಳುತ್ತಾರೆ. ಸುಧಾರಿಸಲು ತಿಂಗಳುಗಳೇ ಹಿಡಿಯಬಹುದು.

ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮವಾಗಿದೆ. ಆದರೂ ಕೇಳಿದರೆ ಸಿಗುತ್ತವೆ.

ತಯಾರಕರ ವಿಳಾಸವೇ ಇಲ್ಲದ ಡಬ್ಬಿಗಳು ಇನ್ನೂ ಅಪಾಯ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೂತ್ರಪಿಂಡದ ಕಾಯಿಲೆಯಾಗಿ ಬಂದವರನ್ನು ಕೆದಕಿ ಕೇಳಿದ ವೈದ್ಯರಿಗೆ ಸಿಕ್ಕ ಕಾರಣ, ಪಾದರಸ ತುಂಬಿದ ಬೆಳ್ಳಗಾಗುವ ಕ್ರೀಮು. ಕಾಲು ಊದಿಕೊಂಡರೆ, ಮೂತ್ರ ನೊರೆಯಾದರೆ ಕೂಡಲೇ ಪರೀಕ್ಷೆ ಮಾಡಿಸಿ.

ಇನ್ನು ನೆಂಟರ ಹೊಗಳಿಕೆ. 1975ರಿಂದ ನಮ್ಮ ಮನೆಗಳಲ್ಲಿದ್ದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಫೇರ್’ ಎಂಬ ಪದ ಕೈಬಿಟ್ಟು ‘ಗ್ಲೋ’ ಎಂದಾಯಿತು. ಕಪ್ಪು ಬಣ್ಣದವರನ್ನು ಬಾಳಿನಲ್ಲಿ ಸೋತವರಂತೆ ಜಾಹೀರಾತಿನಲ್ಲಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಹೇಳಿತ್ತು. ಅಷ್ಟು ದೊಡ್ಡ ಕಂಪನಿ ಬಿಟ್ಟ ಮಾತನ್ನು ನಾವು ಮದುವೆ ಮನೆಯಲ್ಲಿ ಬಿಟ್ಟಿಲ್ಲ. ನಿಮ್ಮ ಮಗಳು ಉರಿ ತಡೆದುಕೊಂಡು ಹಚ್ಚುತ್ತಿರುವುದು ಅರ್ಧ ಆ ಹೊಗಳಿಕೆಗಾಗಿ. ಹುಟ್ಟಿನಿಂದ ಬಂದ ಮೈಬಣ್ಣ ರೋಗವಲ್ಲ, ಅದಕ್ಕೆ ನನ್ನ ಬಳಿ ಮದ್ದೂ ಇಲ್ಲ.

ಪ್ರಶ್ನೆ: ನನಗೆ 15 ವರ್ಷ, ಹಾಸ್ಟೆಲಿನಲ್ಲಿದ್ದೇನೆ. ಎತ್ತರ 152 ಸೆಂ.ಮೀ., ತೂಕ 39 ಕೆ.ಜಿ. ತೊಡೆ ದಪ್ಪ. ಸೀರಿಯಲ್ ನಾಯಕಿಯರ ಥರ ಸಣ್ಣ ಸೊಂಟ ಬೇಕೆಂದು ಬೆಳಿಗ್ಗೆ ತಿಂಡಿ, ರಾತ್ರಿ ಮುದ್ದೆ ಬಿಟ್ಟಿದ್ದೇನೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಮನೆಯಲ್ಲಿ ಹೇಳಿಲ್ಲ.
– ಹೆಸರು ಬೇಡ, ಹನೂರು

ಉತ್ತರ: ಮಗಳೇ, ನೀನು ದಪ್ಪವಿಲ್ಲ. ನಿನ್ನ ವಯಸ್ಸಿಗೂ ಎತ್ತರಕ್ಕೂ ಈ ತೂಕ ಸರಾಸರಿಗಿಂತ ಕಡಿಮೆಯೇ. ಮೈ ನೆರೆದ ಮೇಲೆ ತೊಡೆ, ಸೊಂಟದಲ್ಲಿ ಕೊಬ್ಬು ಕೂಡುವುದು ಹಾರ್ಮೋನುಗಳ ಕೆಲಸ. ಎಲ್ಲ ಹುಡುಗಿಯರಿಗೂ ಆಗುವುದೇ. ಮುಟ್ಟು ನಿಂತಿರುವುದು ಮಾತ್ರ ಸಣ್ಣ ಸಂಗತಿಯಲ್ಲ. ಊಟ ಸಾಲದಾದಾಗ ಮಿದುಳು ಮುಟ್ಟಿನ ಹಾರ್ಮೋನುಗಳನ್ನು ತಡೆಹಿಡಿಯುತ್ತದೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಹೀಗಾದರೆ ಆ ನಷ್ಟ ಮುಂದೆ ಪೂರ್ತಿ ತುಂಬುವುದಿಲ್ಲ. ಬೇರೆ ಕಾರಣವೂ ಇರಬಹುದು. ಆದ್ದರಿಂದ ಅವ್ವನಿಗೆ ಇವತ್ತೇ ಹೇಳು, ಆಸ್ಪತ್ರೆಗೆ ಹೋಗು. ತಿಂದದ್ದನ್ನು ಬೆರಳು ಹಾಕಿ ವಾಂತಿ ಮಾಡುತ್ತಿದ್ದರೆ ಅದನ್ನೂ ಮುಚ್ಚಿಡಬೇಡ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಎದೆಬಡಿತವೇ ತಪ್ಪಬಹುದು.

ಇದು ನಿನ್ನೊಬ್ಬಳ ಕಥೆಯಲ್ಲ. ಮೈತುಂಬಿದ ಹೆಣ್ಣೇ ಚೆಲುವೆ ಎನ್ನುವ ಫಿಜಿ ದ್ವೀಪದ ಒಂದು ಸೀಮೆಗೆ 1995ರಲ್ಲಿ ಟಿ.ವಿ. ಬಂತು. ಮೂರೇ ವರ್ಷದಲ್ಲಿ ಅಲ್ಲಿನ ಶಾಲಾ ಹುಡುಗಿಯರಲ್ಲಿ ನೂರಕ್ಕೆ 11 ಮಂದಿ ತೂಕ ಇಳಿಸಲು ವಾಂತಿ ಮಾಡುತ್ತಿದ್ದುದು ಆನ್ ಬೆಕರ್ ಎಂಬ ಸಂಶೋಧಕಿಗೆ ಕಂಡಿತು. ನೀನು ಮೆಚ್ಚುವ ನಾಯಕಿಯರೂ ಸಣ್ಣಗಿರಬೇಕೆಂಬ ಈ ಒತ್ತಡದಿಂದ ಪಾರಾದವರಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ಆಕೆಗೆ ಬರೀ 21 ವರ್ಷ.

ಇವತ್ತು ರಾತ್ರಿ ಮುದ್ದೆ ಉಣ್ಣು. ಉಪ್ಸಾರೋ ಹುರುಳಿ ಸಾರೋ, ಹಾಸ್ಟೆಲಿನಲ್ಲಿ ಏನಿದೆಯೋ ಅದರ ಜೊತೆ.

ಪ್ರಶ್ನೆ: 17 ವರ್ಷದ ತಂಗಿ ಸಣ್ಣಗಾಗಲು ಊಟ ಕಡಿಮೆ ಮಾಡಿದ್ದಾಳೆ. ಬೆಳ್ಳಗೂ ಆಗಿದ್ದಾಳೆಂದು ಅವ್ವನಿಗೆ ಖುಷಿ. ಮೆಟ್ಟಿಲು ಹತ್ತಿದರೆ ಏದುಸಿರು. ಹಸಿ ಅಕ್ಕಿ ತಿನ್ನುತ್ತಾಳೆ. ಕಾಲೇಜಿನಲ್ಲಿ ಕೊಟ್ಟ ನೀಲಿ ಮಾತ್ರೆ ನುಂಗಿದರೆ ದಪ್ಪಗಾಗುತ್ತೇನೆಂದು ಎಸೆಯುತ್ತಾಳೆ.
– ಅಕ್ಕ, ಯಳಂದೂರು

ಉತ್ತರ: ರಕ್ತ ಕಡಿಮೆಯಾಗಿ ಬಿಳಿಚಿಕೊಂಡಿರುವಂತಿದೆ. ಕೆಳಗಿನ ರೆಪ್ಪೆ ಎಳೆದು ಒಳಭಾಗ ನೋಡಿ, ಕೆಂಪಿಲ್ಲದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಹಸಿ ಅಕ್ಕಿ, ಬಳಪ, ಮಣ್ಣು ತಿನ್ನುವ ಚಪಲ ಕಬ್ಬಿಣಾಂಶ ಕೊರತೆಯ ಗುರುತು. ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸೌಂದರ್ಯದ ಕ್ರೀಮಿಗೆ ಸುರಿಯುವ ದುಡ್ಡು ಮೊಟ್ಟೆ, ಸೊಪ್ಪು, ಕಾಳಿಗೆ ಹೋದರೆ ಎಷ್ಟೋ ವಾಸಿ.

ಆ ನೀಲಿ ಮಾತ್ರೆ ಕಬ್ಬಿಣಾಂಶದ್ದು, ಅದರಿಂದ ಕೊಬ್ಬು ಕೂಡುವುದಿಲ್ಲ. ವಾರಕ್ಕೊಂದು, ಊಟವಾದ ಮೇಲೆ ನುಂಗಲಿ. ಆಗ ಟೀ ಬೇಡ, ನಿಂಬೆ ಪಾನಕವಾದರೆ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ. ಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದರೆ ವಾರದ ಮಾತ್ರೆ ಸಾಲದು, ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಬೇಕು. ಬಿಳಿಗಿರಿರಂಗನಬೆಟ್ಟದ ಕಡೆಯ ಸೋಲಿಗ ಮನೆಗಳವರು ಸಿಕಲ್ ಸೆಲ್ ಪರೀಕ್ಷೆಯನ್ನೂ ಮಾಡಿಸಿ. ಆ ಕಾಯಿಲೆಯಲ್ಲೂ ರಕ್ತ ಕಡಿಮೆಯಾಗುತ್ತದೆ, ಚಿಕಿತ್ಸೆ ಬೇರೆ.

ಕನ್ನಡಿ ನೋಡಿ ಅಳುವ, ಊಟ ಬಚ್ಚಿಡುವ ಮಕ್ಕಳಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್‌ಗೆ ಕರೆದೊಯ್ಯಿರಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕರೆ ಉಚಿತ.

ಓದುಗರಲ್ಲಿ ಒಂದು ವಿನಂತಿ: ನನಗೆ ಬರೆಯುವಾಗ ಮಗಳ ಮೈಬಣ್ಣ ತಿಳಿಸುವ ಅಗತ್ಯವಿಲ್ಲ. ವಯಸ್ಸು, ಎತ್ತರ, ತೂಕ, ಮುಟ್ಟಿನ ವಿವರ, ಹಚ್ಚುತ್ತಿರುವ ಕ್ರೀಮಿನ ಪೂರ್ತಿ ಹೆಸರು ತಪ್ಪದೆ ಬರೆಯಿರಿ.